ಜೀನ್ ತಿದ್ದಿಸಿದ್ರೆ ವಂಶದ ಶುಗರ್ ಹೋಗುತ್ತಾ? ಮಗಳಿಗೆ 16 ವರ್ಷ, ಗೊತ್ತಿರೋರು ಹೇಳಿ

ಅಡಿಕೆ_ಚನ್ನಗಿರಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆಯಲ್ಲಿ ಶುಗರ್ ಅನ್ನೋದು ಪಿತ್ರಾರ್ಜಿತ ಆಸ್ತಿ ಥರ ಬಂದಿದೆ. ಅಜ್ಜನಿಗಿತ್ತು. ಅಪ್ಪನಿಗೆ ಇದೆ, ಸಣ್ಣತ್ತೆಗೆ ಇದೆ, ದೊಡ್ಡಪ್ಪನಿಗೆ ಇಲ್ಲ. ನನಗೆ 27ನೇ ವಯಸ್ಸಿಗೇ ಬಂತು. ನಾವ್ಯಾರೂ ದಪ್ಪ ಇಲ್ಲ. ನಾನು ಈಗಲೂ 58 ಕೆಜಿ. ಹೋದ ತಿಂಗಳು ಮಗಳ ಶಾಲೆಯಲ್ಲಿ ಆರೋಗ್ಯ ತಪಾಸಣೆ ಇಟ್ಟಿದ್ದರು. ಅವಳಿಗೆ 268 ಬಂತು. ಡಾಕ್ಟರು ಟೈಪ್ ಒನ್ ಅಂತ ಹೇಳಿ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಬರೆದುಕೊಟ್ಟರು. ಮೊದಲ ದಿನ ಅವಳು ಅಡುಗೆಮನೆ ಬಾಗಿಲು ಹಾಕಿಕೊಂಡು ಒಬ್ಬಳೇ ಚುಚ್ಚಿಕೊಂಡಳು. ನಾನು ಹೊರಗೆ ನಿಂತಿದ್ದೆ.

ಈಗ ನನ್ನ ಭಾಮೈದ ಒಂದು ವಿಡಿಯೋ ಕಳಿಸಿದ್ದಾನೆ. ಕ್ರಿಸ್ಪರ್ ಅಂತೆ, ಕತ್ತರಿ ಥರ ಜೀನ್ ಕತ್ತರಿಸಿ ಸರಿ ಮಾಡ್ತಾರಂತೆ, ಇಲಿಗಳಿಗೆ ಶುಗರ್ ಪೂರ್ತಿ ವಾಸಿ ಆಗಿದೆಯಂತೆ. ಒಂದು ಕ್ಲಿನಿಕ್ಕಿಗೆ ಫೋನ್ ಕೂಡ ಮಾಡಿದ. ಅವರು "ಸ್ಟೆಮ್ ಸೆಲ್ ಹಾಕಿ ಜೀನ್ ಸರಿ ಮಾಡ್ತೀವಿ, ಆರು ಲಕ್ಷ, ಅರ್ಧ ಮುಂಗಡ" ಅಂದರು. ತೋಟದ ಮೇಲೆ ಸಾಲ ತೆಗೆದರೆ ದುಡ್ಡು ಹೊಂದುತ್ತೆ. ಇದು ನಿಜಾನಾ?

ಶುಗರ್_ಸುಬ್ಬಣ್ಣ
ಮುಂಗಡ ಅಂದ ತಕ್ಷಣ ಫೋನ್ ಇಡಬೇಕಿತ್ತು ಅಣ್ಣ.

ಲ್ಯಾಬ್_ಕೋಟು
ದಯವಿಟ್ಟು ಒಂದು ರೂಪಾಯಿ ಕೂಡ ಕೊಡಬೇಡಿ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನಲ್ಲಿ ಜೀವಕೋಶಗಳ ಜೊತೆ ದಿನಾ ಒದ್ದಾಡೋ ಕೆಲಸ ನನ್ನದು. ಇವತ್ತಿನವರೆಗೂ ಸಕ್ಕರೆ ಕಾಯಿಲೆಗೆ ಜೀನ್ ತಿದ್ದೋ ಚಿಕಿತ್ಸೆ ಯಾವ ದೇಶದಲ್ಲೂ ಮಾರಾಟಕ್ಕೆ ಇಲ್ಲ. ಯಾರಾದರೂ ಮಾರುತ್ತಿದ್ದರೆ ಮೋಸ, ಅಷ್ಟೇ.

ಆ ವಿಡಿಯೋ ಹಿಂದಿರೋ ಕೆಲಸ ಮಾತ್ರ ಸುಳ್ಳಲ್ಲ. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಬಂದಿದ್ದು. ಜೆಫ್ರಿ ಮಿಲ್ಮನ್, ಫುಮಿಹಿಕೊ ಉರಾನೊ ಅವರ ತಂಡ. ವೋಲ್ಫ್ರಮ್ ಸಿಂಡ್ರೋಮ್ ಅಂತ ಒಂದು ಅಪರೂಪದ ಕಾಯಿಲೆ ಇದೆ, ಡಬ್ಲ್ಯು‌ಎಫ್‌ಎಸ್1 ಅನ್ನೋ ಒಂದೇ ಜೀನ್ ಕೆಟ್ಟು ಬರೋದು. ಆ ರೋಗಿಯ ಚರ್ಮದಿಂದ ಕೋಶ ತೆಗೆದು, ಅದನ್ನು ಸ್ಟೆಮ್ ಸೆಲ್ (ಬೇರೆ ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಕೋಶ) ಮಾಡಿ, ಕ್ರಿಸ್ಪರ್‌ನಿಂದ ಆ ತಪ್ಪು ತಿದ್ದಿ, ಆಮೇಲೆ ಇನ್ಸುಲಿನ್ ಮಾಡೋ ಬೀಟಾ ಕೋಶ ಬೆಳೆಸಿದರು. ಡಯಾಬಿಟಿಸ್ ಇರೋ ಇಲಿಗಳಿಗೆ ಇಟ್ಟಾಗ ಬೇಗನೇ ಸಕ್ಕರೆ ಇಳಿಯಿತು. ಆರು ತಿಂಗಳು ನೋಡಿದರು, ಹಾಗೇ ಇತ್ತು. ತಿದ್ದದೇ ಇರೋ ಕೋಶ ಇಟ್ಟ ಇಲಿಗಳಿಗೆ ಪ್ರಯೋಜನ ಆಗಲಿಲ್ಲ.

ಇಷ್ಟೂ ಇಲಿಯಲ್ಲಿ ನಡೆದಿದ್ದು. ಚನ್ನಗಿರಿಯಲ್ಲಿ ಅಲ್ಲ.

ಸಿಲಿಕಾನ್_ಸೋಮ
ಇಲಿಯಲ್ಲಿ ಆಯ್ತು ಅಂದ್ರೆ ಮನುಷ್ಯರಲ್ಲೂ ಆಗುತ್ತೆ ಗುರು, ಟೈಮ್ ಅಷ್ಟೇ. ಕ್ರಿಸ್ಪರ್ ಪೇಪರ್ ಬಂದಿದ್ದು 2012, ಅದನ್ನ ಬರೆದ ಡೌಡ್ನಾ ಮತ್ತು ಶಾರ್ಪೆಂಟಿಯೇಗೆ ನೊಬೆಲ್ 2020, ವಂಶದಿಂದ ಬರೋ ರಕ್ತದ ಕಾಯಿಲೆ ಸಿಕಲ್ ಸೆಲ್‌ಗೆ ಕ್ಯಾಸ್‌ಗೆವಿ ಅನ್ನೋ ಕ್ರಿಸ್ಪರ್ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 2023ರ ಕೊನೆಗೆ. ಹನ್ನೊಂದೇ ವರ್ಷ! ಇಷ್ಟು ಬೇಗ ಬೇರೆ ಯಾವ ಔಷಧಿ ಬಂದಿದೆ ಹೇಳಿ.

ಗಣಿತ_ಮೇಷ್ಟ್ರು
ಬೇಗ ಬಂತು ಸರಿ. ಬೆಲೆ ಹೇಳ್ಲಿಲ್ವಲ್ಲ ಸೋಮಣ್ಣ. ಅಮೆರಿಕದಲ್ಲಿ ಒಬ್ಬರಿಗೆ 22 ಲಕ್ಷ ಡಾಲರ್. ನಮ್ಮ ದುಡ್ಡಲ್ಲಿ 18 ಕೋಟಿಗೂ ಮೇಲೆ. ಇವರು ತೋಟ ಅಲ್ಲ, ಇಡೀ ಚನ್ನಗಿರಿ ತಾಲ್ಲೂಕು ಅಡ ಇಡಬೇಕು.

ಅಡಿಕೆ_ಚನ್ನಗಿರಿ
@ಲ್ಯಾಬ್_ಕೋಟು ತುಂಬ ಉಪಕಾರ ಆಯ್ತು ಸಾರ್. ಹಾಗಾದ್ರೆ ನಮ್ಮ ಮನೆದೂ ಒಂದೇ ಜೀನಿನ ತಪ್ಪು ಅಂತ ಆಗಬಹುದಾ? ಟೈಪ್ ಒನ್ ಅಂದ್ರು ಮಗಳಿಗೆ. ನನಗೆ ಟೈಪ್ ಟೂ ಅಂತ ಚೀಟಿಯಲ್ಲಿದೆ. ಒಂದೇ ಮನೆಯಲ್ಲಿ ಎರಡು ಹೆಸರು ಹೇಗೆ?

ಎರಡನೇ_ಇನಿಂಗ್ಸ್
ಬಂತು ನೋಡಿ ಸರಿಯಾದ ಪ್ರಶ್ನೆ. ಇದನ್ನೇ ಯಾರೂ ಕೇಳಲ್ಲ.

ನನ್ನ ಕಥೆ ಹೇಳ್ತೀನಿ. ನಾನು 22ಕ್ಕೆ ಇನ್ಸುಲಿನ್ ಶುರು ಮಾಡಿದೆ, 14 ವರ್ಷ ಚುಚ್ಚಿಕೊಂಡೆ. ನಂದೂ ಟೈಪ್ ಒನ್ ಅಂತಲೇ ಹೇಳಿದ್ದರು. ಹೊಸ ಡಾಕ್ಟರಮ್ಮ ಒಬ್ಬರು ಫೈಲ್ ತಿರುವಿ ಹಾಕ್ತಾ ಹಾಕ್ತಾ "ಇಷ್ಟು ಕಡಿಮೆ ಡೋಸಲ್ಲಿ ಇಷ್ಟು ವರ್ಷ ಹೇಗಪ್ಪ ಇದ್ದೀಯ?" ಅಂದರು. ಸಿ-ಪೆಪ್ಟೈಡ್ ಮಾಡಿಸಿದರು, ಅಂದ್ರೆ ನಮ್ಮ ದೇಹವೇ ಇನ್ನೂ ಇನ್ಸುಲಿನ್ ಮಾಡ್ತಿದೆಯಾ ಅಂತ ನೋಡೋ ರಕ್ತಪರೀಕ್ಷೆ. ಚೆನ್ನಾಗೇ ಇತ್ತು. ಗ್ಯಾಡ್ ಆಂಟಿಬಾಡಿ ನೆಗೆಟಿವ್, ಅಂದ್ರೆ ದೇಹವೇ ತನ್ನ ಇನ್ಸುಲಿನ್ ಕೋಶಗಳ ಮೇಲೆ ದಾಳಿ ಮಾಡೋ ಟೈಪ್ ಒನ್ ಗುರುತು ಸಿಗಲಿಲ್ಲ. ಆಮೇಲೆ ಜೀನ್ ಪರೀಕ್ಷೆ ಮಾಡಿಸಿದರು, ಎಚ್‌ಎನ್‌ಎಫ್1ಎ ಅನ್ನೋ ಜೀನ್ ಕೆಟ್ಟಿದೆ ಅಂತ ಬಂತು. ಇದಕ್ಕೆ ಮೋಡಿ ಅಂತಾರೆ.

ಈಗ ಏನು ತಗೋತೀನಿ ಗೊತ್ತಾ? ಒಂದು ಸಣ್ಣ ಸಲ್ಫೊನಿಲ್ಯೂರಿಯಾ ಮಾತ್ರೆ. ನಮ್ಮ ತಾತನ ಕಾಲದ ಮಾತ್ರೆ. ಸ್ಟ್ರಿಪ್ಪಿನ ಬೆಲೆ ಒಂದು ಮಸಾಲೆ ದೋಸೆಗಿಂತ ಕಮ್ಮಿ.

ಕಲಬುರಗಿ_ಬಿಸಿಲು
ಮೋಡಿ ಅಂದ್ರ ಮಾಟ ಮಂತ್ರ ಅಲ್ರೀ? ಯಾರರ ಮೋಡಿ ಹಾಕಿದ್ರ ಶುಗರ್ ಬರ್ತದ ಏನು 😄

ಶುಗರ್_ಸುಬ್ಬಣ್ಣ
ದೆಹಲಿ ಕಡೆಯವರದ್ದೇನೋ ಅಂದ್ಕೊಂಡೆ ನಾನು.

ಮಾಡರೇಟರ್
ರಾಜಕೀಯ ಬೇಡ. ಕ್ಲಿನಿಕ್ಕುಗಳ ಹೆಸರೂ ಬೇಡ. ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ಲ್ಯಾಬ್_ಕೋಟು
ಹೆಸರು ನಿಜವಾಗಲೂ ಹಾಗೇ ಇದೆ. ವಯಸ್ಸಾದವರಿಗೆ ಬರೋ ಥರದ ಡಯಾಬಿಟಿಸ್ ಚಿಕ್ಕವರಿಗೆ ಬಂದಿದೆ ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. 1970ರ ದಶಕದಲ್ಲಿ ಫಯಾನ್ಸ್ ಮತ್ತು ಟ್ಯಾಟರ್ಸಾಲ್ ಅನ್ನೋ ಇಬ್ಬರು ಡಾಕ್ಟರುಗಳು ಇಟ್ಟಿದ್ದು.

@ಅಡಿಕೆ_ಚನ್ನಗಿರಿ ನೀವು ಬರೆದಿದ್ದನ್ನೇ ಇನ್ನೊಂದು ಸಲ ಓದಿ ನೋಡಿ ಅಣ್ಣ. ಅಜ್ಜ, ಅಪ್ಪ, ನೀವು, ಮಗಳು. ನಾಲ್ಕು ತಲೆಮಾರು, ಒಂದೂ ತಪ್ಪಿಲ್ಲ. ಎಲ್ಲರೂ ತೆಳ್ಳಗೆ. ಚಿಕ್ಕ ವಯಸ್ಸು. ಅಜ್ಜನ ಮಕ್ಕಳಲ್ಲಿ ಇಬ್ಬರಿಗೆ ಬಂದು ಒಬ್ಬರಿಗೆ ಬಂದಿಲ್ಲ. ಮೋಡಿ ಹೀಗೇ ಓಡಾಡೋದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ನೂರಕ್ಕೆ ಐವತ್ತು ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ. ಟೈಪ್ ಒನ್ ಸಾಮಾನ್ಯವಾಗಿ ಹೀಗೆ ಸಾಲಾಗಿ ಇಳಿದು ಬರಲ್ಲ.

ಇದೇ ಅಂತ ನಾನು ಹೇಳ್ತಿಲ್ಲ. ಕೇಳಿ ನೋಡಬೇಕಾದ ಮಾತು ಅಂತ ಅಷ್ಟೇ. ಮತ್ತೆ ಇದನ್ನು ದೊಡ್ಡಕ್ಷರದಲ್ಲಿ ಓದಿ: ಯಾರ ಮಾತು ಕೇಳಿಯೂ ಮಗಳ ಇನ್ಸುಲಿನ್ ನಿಲ್ಲಿಸಬೇಡಿ. ನಿಜವಾಗಲೂ ಟೈಪ್ ಒನ್ ಆಗಿದ್ದರೆ ಕೆಲವೇ ದಿನದಲ್ಲಿ ಕೀಟೊ‌ಅಸಿಡೋಸಿಸ್ (ರಕ್ತ ಆಮ್ಲೀಯವಾಗೋದು) ಆಗಿ ಐಸಿಯು ಸೇರಬೇಕಾಗುತ್ತೆ.

ಎರಡನೇ_ಇನಿಂಗ್ಸ್
ಹೌದು ಹೌದು. ನಾನೂ ಡಾಕ್ಟರಮ್ಮ ಹೇಳಿದ ಮೇಲೇ, ಅವರ ಕಣ್ಣೆದುರೇ, ನಿಧಾನಕ್ಕೆ ಬಿಟ್ಟಿದ್ದು. ಮೂರು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು.

ಪುಟ್ಟಿ_ಅಮ್ಮ
ನಮ್ಮ ಮಗಳದ್ದೂ ಜೀನಿಂದಲೇ, ಆದರೆ ಬೇರೆ ಜೀನ್. ಎರಡು ತಿಂಗಳ ಕೂಸಿಗೆ ಶುಗರ್ 500 ದಾಟಿತ್ತು. ಅಷ್ಟು ಸಣ್ಣ ತೊಡೆಗೆ ಅರ್ಧ ಯೂನಿಟ್ ಹಾಕೋದು ಅಂದ್ರೆ ಏನು ಅಂತ ಮಾಡಿದವರಿಗೇ ಗೊತ್ತು. ಸಿರಿಂಜಿನಲ್ಲಿ ಅರ್ಧ ಯೂನಿಟ್ ಕಣ್ಣಿಗೇ ಕಾಣಲ್ಲ. ನಮ್ಮತ್ತೆ ಟಾರ್ಚ್ ಹಿಡಿಯೋರು, ನಾನು ಎಳೆಯೋದು.

ಆರು ತಿಂಗಳೊಳಗೆ ಶುಗರ್ ಬಂದರೆ ಅದು ಟೈಪ್ ಒನ್ ಅಲ್ಲ ಅಂತಲೇ ಅಂದ್ಕೊಂಡು ಜೀನ್ ಪರೀಕ್ಷೆ ಮಾಡಿಸಬೇಕಂತೆ. ಯಾರೋ ಪುಣ್ಯಾತ್ಮರು ಹೇಳಿ ರಕ್ತ ಕಳಿಸಿದೆವು. ಕೆಸಿಎನ್‌ಜೆ11 ಅಂತ ಬಂತು. ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಕುಡಿಸೋಕೆ ಶುರು ಮಾಡಿದ ಒಂದೂವರೆ ವಾರಕ್ಕೆ ಇನ್ಸುಲಿನ್ ನಿಂತುಹೋಯ್ತು. ಈಗ ಏಳು ವರ್ಷ, ಸ್ಕೂಲ್ ವ್ಯಾನಿನಲ್ಲಿ ಕಿಟಕಿ ಸೀಟಿಗೆ ಜಗಳ ಆಡ್ತಾಳೆ.

ಸಿಲಿಕಾನ್_ಸೋಮ
ಅರೆ, ಜೀನ್ ಕೆಟ್ಟಿರೋವಾಗ ಮಾತ್ರೆ ಹೇಗೆ ಸರಿ ಮಾಡುತ್ತೆ? ಲಾಜಿಕ್ ಅರ್ಥ ಆಗ್ಲಿಲ್ಲ.

ಲ್ಯಾಬ್_ಕೋಟು
ಜೀನ್ ಸರಿ ಆಗಲ್ಲ. ಅದರ ಕೆಲಸ ಸರಿ ಆಗುತ್ತೆ.

ಕೆರೆ ತೂಬು ನೋಡಿದ್ದೀರಲ್ವಾ? ಬೀಟಾ ಕೋಶದ ಗೋಡೆಯಲ್ಲೂ ತೂಬುಗಳಿವೆ, ಪೊಟ್ಯಾಸಿಯಂ ಹೊರಗೆ ಹೋಗೋಕೆ. ಊಟ ಆದ ಮೇಲೆ ಸಕ್ಕರೆ ಕೋಶದೊಳಗೆ ಬಂದು ಉರಿದಾಗ ಈ ತೂಬು ಮುಚ್ಚಿಕೊಳ್ಳಬೇಕು. ಮುಚ್ಚಿದರೇನೇ ಇನ್ಸುಲಿನ್ ಹೊರಗೆ ಬರೋದು. ಕೆಸಿಎನ್‌ಜೆ11 ಜೀನ್ ಈ ತೂಬಿನ ಒಂದು ಭಾಗ ಮಾಡುತ್ತೆ. ಅದರಲ್ಲಿ ತಪ್ಪಾದರೆ ತೂಬು ಮುಚ್ಚಲ್ಲ, ಎಷ್ಟು ಸಕ್ಕರೆ ಬಂದರೂ ಇನ್ಸುಲಿನ್ ಒಳಗೇ ಕೂತಿರುತ್ತೆ. ಗ್ಲೈಬೆನ್‌ಕ್ಲಮೈಡ್ ಅನ್ನೋ ಸಲ್ಫೊನಿಲ್ಯೂರಿಯಾ ಜಾತಿಯ ಮಾತ್ರೆ ಏನು ಮಾಡುತ್ತೆ ಅಂದ್ರೆ, ಆ ತೂಬನ್ನ ತಾನೇ ಒತ್ತಿ ಮುಚ್ಚುತ್ತೆ. ಮುಗೀತು.

ಈ ಜೀನಿನ ವಿಷಯ 2004ರಲ್ಲಿ ಗೊತ್ತಾಯ್ತು. 2006ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ತಂಡದವರು 49 ರೋಗಿಗಳಿಗೆ ಮಾತ್ರೆ ಕೊಟ್ಟು ನೋಡಿದರು, 44 ಜನ ಇನ್ಸುಲಿನ್ ಬಿಟ್ಟರು. ಎರಡೇ ವರ್ಷ ಸೋಮಣ್ಣ. ನಿಮ್ಮ ಕ್ರಿಸ್ಪರ್‌ಗೆ ಹನ್ನೊಂದು ಬೇಕಾಯ್ತು 😉

ಎಚ್‌ಎನ್‌ಎಫ್1ಎ ಕೇಸಲ್ಲಿ ತಪ್ಪು ಸ್ವಲ್ಪ ಹಿಂದಿನ ಹಂತದಲ್ಲಿರುತ್ತೆ, ಸಕ್ಕರೆ ಉರಿಯೋ ಕಡೆ. ಅಲ್ಲೂ ಮಾತ್ರೆ ನೇರ ತೂಬಿಗೇ ಕೈ ಹಾಕೋದರಿಂದ ಕೆಲಸ ಆಗುತ್ತೆ. ಕೆಲವರಿಗೆ ವರ್ಷಗಳು ಕಳೆದ ಮೇಲೆ ಮಾತ್ರೆ ಸಾಲದೆ ಇನ್ಸುಲಿನ್ ಬೇಕಾಗುತ್ತೆ, ಅದೂ ನಿಜ.

ಗಣಿತ_ಮೇಷ್ಟ್ರು
ಇದನ್ನೇ ನಾನು ಹೇಳೋದು. ಹತ್ತು ರೂಪಾಯಿ ಮಾತ್ರೆ ಇರೋವಾಗ 18 ಕೋಟಿ ಕತ್ತರಿ ಯಾಕೆ? ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದ ಲೆಕ್ಕ, ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಡಯಾಬಿಟಿಸ್. ಅದರಲ್ಲಿ ಬಹುಪಾಲು ಟೈಪ್ ಟೂ. ಅದರ ಹಿಂದೆ ನೂರಾರು ಜೀನ್ ಜಾಗಗಳು, ಒಂದೊಂದರದ್ದೂ ಚಿಟಿಕೆಯಷ್ಟು ಪಾತ್ರ. ಯಾವುದನ್ನ ತಿದ್ದುತ್ತೀರ? ಈ ಜೀನ್ ತಿದ್ದೋದೆಲ್ಲ ಶ್ರೀಮಂತರ ಆಟ. ಆ ದುಡ್ಡನ್ನ ತಾಲ್ಲೂಕು ಆಸ್ಪತ್ರೆಗೆ ಇನ್ಸುಲಿನ್ ಇಡೋ ಫ್ರಿಜ್ಜಿಗೆ ಹಾಕಲಿ.

ನೀಲಿ_ಕನ್ನಡಕ
ಮೇಷ್ಟ್ರೇ, ನಾನು ಇಲ್ಲಿ ಸುಮ್ನೆ ಓದೋಳು, ಬರೆಯಲ್ಲ. ಇವತ್ತು ಬರೀಲೇಬೇಕು ಅನ್ನಿಸ್ತು.

ಮೇಲೆ ವೋಲ್ಫ್ರಮ್ ಅಂತ ಒಂದು ಸಾಲಲ್ಲಿ ಬಂದು ಹೋಯ್ತಲ್ಲ, ಅದು ನಮ್ಮ ಮನೆಯ ಕಾಯಿಲೆ. ಮಗನಿಗೆ ಆರು ವರ್ಷಕ್ಕೆ ಶುಗರ್ ಬಂತು. ಟೈಪ್ ಒನ್ ಅಂದ್ರು, ಹೊಂದಿಕೊಂಡೆವು. ಹತ್ತನೇ ವರ್ಷಕ್ಕೆ ಬೋರ್ಡ್ ಕಾಣಲ್ಲ ಅಂದ. ಕನ್ನಡಕ ಹಾಕಿಸಿದೆವು, ಮೂರು ಸಲ ನಂಬರ್ ಬದಲಾಯಿಸಿದೆವು. ನಾಲ್ಕನೇ ಸಲ ಕಣ್ಣಿನ ಡಾಕ್ಟರು ಕಣ್ಣಿನ ನರವೇ ಒಣಗ್ತಿದೆ ಅಂದರು. ಬಣ್ಣಗಳಲ್ಲಿ ಕೆಂಪು ಮೊದಲು ಹೋಯ್ತು. ಈಗ 13. ಪ್ರತಿ ಜೂನ್‌ನಲ್ಲಿ ಅವನ ಪಠ್ಯಪುಸ್ತಕ ಅಷ್ಟನ್ನೂ ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ದೊಡ್ಡದು ಮಾಡಿಸ್ತೀನಿ. ಗಣಿತ ಒಂದೇ ಮೂರು ಕಟ್ಟು ಆಗುತ್ತೆ. ಈ ವರ್ಷ ಅಂಗಡಿಯವನು "ಅಕ್ಕ, ಅಕ್ಷರ ಇನ್ನೂ ದೊಡ್ಡದು ಬೇಕಾ?" ಅಂತ ಕೇಳಿದ. ಹೌದು ಅಂದೆ.

ನಮಗೆ ಹತ್ತು ರೂಪಾಯಿ ಮಾತ್ರೆ ಇಲ್ಲ ಸಾರ್. ಹತ್ತು ಸಾವಿರದ್ದೂ ಇಲ್ಲ. ಶ್ರೀಮಂತರ ಆಟ ಅಂದ್ರಲ್ಲ, ನಾವು ಬಾಡಿಗೆ ಮನೆಯಲ್ಲಿರೋರು.

ಗಣಿತ_ಮೇಷ್ಟ್ರು
ಕ್ಷಮಿಸಿ ತಾಯಿ. ಗೊತ್ತಿರಲಿಲ್ಲ.

ಹಳೇ_ಸಂಪ್ರದಾಯ
ಹೀಗೆ ಕೇಳೋದು ತಪ್ಪಾಗಬಹುದು, ಸಂಬಂಧದಲ್ಲಿ ಮದುವೆ ಆಗಿದ್ರಾ ನೀವು? ಸೋದರಮಾವನ್ನ ಮದುವೆ ಆದ್ರೆ ಇಂಥದ್ದು ಬರುತ್ತೆ ಅಂತ ಹೇಳ್ತಾರೆ. ಮೊದಲೇ ಯೋಚನೆ ಮಾಡಬೇಕಿತ್ತು.

ಪುಟ್ಟಿ_ಅಮ್ಮ
ತಪ್ಪಾಗಬಹುದು ಅಂತ ಗೊತ್ತಿದ್ದೂ ಕೇಳಿದ್ರಲ್ಲ.

ನೀಲಿ_ಕನ್ನಡಕ
ಇರಲಿ ಅಕ್ಕ, ಉತ್ತರ ಕೊಡ್ತೀನಿ. ಹೌದು, ನನ್ನ ಗಂಡ ನಮ್ಮಮ್ಮನ ತಮ್ಮನೇ. ನನಗೆ 19 ಆಗಿತ್ತು, ಯಾರೂ ನನ್ನ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಅಂಥ ಮದುವೆ ಇನ್ನೂ ಐದಾರು ಆಗಿವೆ, ಅವರ ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಗಂಡ ಹೆಂಡತಿ ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಇರಬೇಕು, ಎರಡೂ ಮಗುವಿಗೆ ಸೇರಬೇಕು. ಸಂಬಂಧದಲ್ಲಿ ಆ ಸಾಧ್ಯತೆ ಜಾಸ್ತಿ ಅಂತ ಕೌನ್ಸೆಲರ್ ಹೇಳಿದರು. ಹೊರಗಿನವರನ್ನ ಮದುವೆ ಆದವರಲ್ಲೂ ಬರುತ್ತೆ ಅಂತಲೂ ಹೇಳಿದರು. ನನ್ನ ದೊಡ್ಡ ಮಗಳಿಗೆ ಇಲ್ಲ.

@ಲ್ಯಾಬ್_ಕೋಟು ನಿಮ್ಮನ್ನ ಒಂದು ಕೇಳಬೇಕು. ಆ ಇಲಿ ಪ್ರಯೋಗ ಮನುಷ್ಯರಿಗೆ ಬಂದರೆ ಕಣ್ಣು ಉಳಿಯುತ್ತಾ?

ಲ್ಯಾಬ್_ಕೋಟು
ನಿಮಗೆ ಸುಳ್ಳು ಹೇಳಕ್ಕಾಗಲ್ಲ ಮೇಡಂ. ಆ ಪ್ರಯೋಗ ಸಕ್ಕರೆಯನ್ನ ಮಾತ್ರ ಸರಿ ಮಾಡಿದ್ದು. ತಿದ್ದಿದ ಬೀಟಾ ಕೋಶ ಒಳಗಿಟ್ಟರೆ ಇನ್ಸುಲಿನ್ ಬರುತ್ತೆ, ಆದರೆ ಕಣ್ಣಿನ ನರದ ಕೋಶಗಳಲ್ಲಿ ಹಳೇ ತಪ್ಪು ಹಾಗೇ ಇರುತ್ತೆ. ಅದಕ್ಕೆ ತಿದ್ದುಪಡಿಯನ್ನ ಕಣ್ಣಿಗೇ ತಲುಪಿಸಬೇಕು, ಅದು ಬೇರೆ ದಾರಿ. ಆ ಕಡೆಯೂ ಕೆಲಸ ನಡೀತಿದೆ, ಉರಾನೊ ಅವರ ಗುಂಪಿನಲ್ಲೂ.

ನೀಲಿ_ಕನ್ನಡಕ
ಸರಿ. ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್.

ಸಿಲಿಕಾನ್_ಸೋಮ
ನನಗೆ ಒಂದು ಡೌಟ್. ಕೋಶ ಹೊರಗೆ ತೆಗೆದು, ಬೆಳೆಸಿ, ಮತ್ತೆ ಹಾಕೋ ತಾಪತ್ರಯ ಯಾಕೆ? ಸೀದಾ ಒಳಗೇ ಇಂಜೆಕ್ಷನ್ ಕೊಟ್ಟು ತಿದ್ದಿದ್ರೆ? 2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಕೂಸಿಗೆ ಅದರದ್ದೇ ತಪ್ಪಿಗೆ ಅಂತಲೇ ಔಷಧಿ ತಯಾರಿಸಿ ಡ್ರಿಪ್ಪಿನಲ್ಲಿ ಕೊಟ್ಟರಲ್ಲ, ಆರು ತಿಂಗಳಲ್ಲಿ ರೆಡಿ ಮಾಡಿದ್ದರು.

ಲ್ಯಾಬ್_ಕೋಟು
ಆ ಕೂಸಿನ ತೊಂದರೆ ಲಿವರಿನದ್ದು. ಅಮೋನಿಯಾ ಹೊರಹಾಕೋ ಒಂದು ಕಿಣ್ವ ಇರಲಿಲ್ಲ. ಲಿವರ್ ಈ ವಿಷಯದಲ್ಲಿ ನಮಗೆ ಸಿಕ್ಕಿರೋ ವರ. ಔಷಧಿ ಹೊತ್ತು ರಕ್ತಕ್ಕೆ ಹೋಗೋ ಕೊಬ್ಬಿನ ಗುಳ್ಳೆಗಳಲ್ಲಿ ಹೆಚ್ಚಿನವು ತಾವಾಗೇ ಅಲ್ಲಿಗೇ ಹೋಗಿ ಸೇರುತ್ತವೆ. ಬೀಟಾ ಕೋಶ ಹಾಗಲ್ಲ. ಮೇದೋಜ್ಜೀರಕ ಅಂದ್ರೆ ಪ್ಯಾಂಕ್ರಿಯಾಸ್ ಹೊಟ್ಟೆಯ ಹಿಂದೆ ಅಡಗಿಕೊಂಡಿರುತ್ತೆ, ಅದರಲ್ಲಿ ಬೀಟಾ ಕೋಶಗಳು ಪಾಯಸದಲ್ಲಿ ಗಸಗಸೆ ಚೆಲ್ಲಿದ ಹಾಗೆ ಅಲ್ಲಲ್ಲಿ ಗುಂಪು ಗುಂಪಾಗಿ ಇರುತ್ತವೆ, ಎಲ್ಲ ಸೇರಿಸಿದರೂ ತೂಕ ಒಂದೋ ಎರಡೋ ಗ್ರಾಂ. ಸುತ್ತ ಇರೋ ಅಂಗ ಜೀರ್ಣರಸದ ಚೀಲ, ಕೆಣಕಿದರೆ ತನ್ನನ್ನೇ ತಾನು ಅರಗಿಸಿಕೊಳ್ಳುತ್ತೆ. ಅಲ್ಲಿಗೆ ಕತ್ತರಿ ಕಳಿಸೋಕೆ ಸದ್ಯಕ್ಕೆ ಒಳ್ಳೇ ಗಾಡಿ ಇಲ್ಲ.

ಇನ್ನೊಂದು. ಎಚ್‌ಎನ್‌ಎಫ್1ಎ ಒಂದರಲ್ಲೇ ನೂರಾರು ಬೇರೆ ಬೇರೆ ತಪ್ಪುಗಳು ಸಿಕ್ಕಿವೆ. ಒಂದು ಮನೆಯ ತಪ್ಪಿಗೆ ಮಾಡಿದ ಕತ್ತರಿ ಪಕ್ಕದ ಮನೆಗೆ ಆಗಲ್ಲ.

ಆದರೆ ಒಂದು ಅನುಕೂಲ ಇದೆ, ಇದನ್ನ ಯಾರೂ ಹೇಳಲ್ಲ. ಟೈಪ್ ಒನ್‌ನಲ್ಲಿ ಹೊಸ ಕೋಶ ಇಟ್ಟರೂ ದೇಹದ ಸೈನ್ಯವೇ, ಅಂದ್ರೆ ರೋಗನಿರೋಧಕ ಶಕ್ತಿಯೇ, ಬಂದು ಮತ್ತೆ ಕೊಲ್ಲುತ್ತೆ. ಒಂದೇ ಜೀನಿನ ಕಾಯಿಲೆಯಲ್ಲಿ ಆ ಜಗಳವೇ ಇಲ್ಲ. ನಮ್ಮದೇ ಕೋಶ ತಿದ್ದಿ ನಮಗೇ ಇಟ್ಟರೆ ದೇಹ ನಮ್ಮವನೇ ಅಂತ ಬಿಟ್ಟುಕೊಳ್ಳುತ್ತೆ ಅನ್ನೋ ಆಸೆ. ಅದಕ್ಕೇ ವೋಲ್ಫ್ರಮ್ ಥರದ ಅಪರೂಪದ ಕಾಯಿಲೆಗಳಲ್ಲಿ ಈ ದಾರಿಗೆ ಅರ್ಥ ಇದೆ.

ಉಪ್ಸಲ_ಕನ್ನಡಿಗ
ಸ್ವೀಡನ್‌ನಿಂದ ಹಾಯ್. ಹೊರಗೆ ಮೈನಸ್ ಎಂಟು, ಒಳಗೆ ಬಿಸಿಬೇಳೆಬಾತ್ ಆಗ್ತಿದೆ.

ಆ ಸೈನ್ಯದ ವಿಷಯಕ್ಕೇ ಒಂದು ಸೇರಿಸ್ತೀನಿ. ನಮ್ಮೂರು ಉಪ್ಸಲದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೇ 2024ರ ಡಿಸೆಂಬರಿನಲ್ಲಿ ನಡೆದಿದ್ದು. ಟೈಪ್ ಒನ್ ಇರೋ 42 ವರ್ಷದ ಒಬ್ಬರಿಗೆ ದಾನಿಯೊಬ್ಬರ ಇನ್ಸುಲಿನ್ ಕೋಶಗಳನ್ನ ಜೀನ್ ತಿದ್ದಿ ಮುಂಗೈ ಸ್ನಾಯುವಿಗೆ ಹಾಕಿದರು, 17 ಚುಚ್ಚುಗಳಲ್ಲಿ. ಕೋಶಗಳ ಗುರುತಿನ ಚೀಟಿ ಥರ ಇರೋದನ್ನ ಕ್ರಿಸ್ಪರ್‌ನಿಂದ ತೆಗೆದುಹಾಕಿದ್ದರು, ಸೈನ್ಯಕ್ಕೆ ಇವು ಪರಕೀಯ ಅಂತ ಗೊತ್ತಾಗಬಾರದು ಅಂತ. ಜೊತೆಗೆ "ನನ್ನ ತಿನ್ನಬೇಡ" ಅನ್ನೋ ಒಂದು ಬೋರ್ಡ್ ಹಾಕಿದ್ದರು, ಸಿಡಿ47 ಅಂತ. ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ಒಂದೂ ಕೊಡಲಿಲ್ಲ. 12 ವಾರ ಆದಮೇಲೂ ಕೋಶಗಳು ಬದುಕಿ ಇನ್ಸುಲಿನ್ ಮಾಡ್ತಿದ್ದವು. 2025ರ ಆಗಸ್ಟ್‌ನಲ್ಲಿ ವರದಿ ಬಂತು.

ಇಲ್ಲಿ ಕಚೇರಿಯಲ್ಲಿ ಎಲ್ಲರೂ ವಾಸಿ ಆಯ್ತು ಅಂತ ಕುಣಿದರು. ಆದರೆ ಅವರಿಗೆ ಹಾಕಿದ್ದು ಸಣ್ಣ ಪ್ರಮಾಣ, ಪರೀಕ್ಷೆಗೆ ಅಂತ. ಇನ್ಸುಲಿನ್ ಅವರು ಇನ್ನೂ ತಗೋತಾನೇ ಇದ್ದರು.

ಕಲಬುರಗಿ_ಬಿಸಿಲು
ಮೈನಸ್ ಎಂಟು ಅಂತ್ರೀ! ನಮ್ಮಲ್ಲಿ ಫ್ರಿಜ್ಜೇ ಬೆವರ್ತದ. ಏಪ್ರಿಲ್‌ನಾಗ ಕರೆಂಟ್ ಹೋದ್ರ ಇನ್ಸುಲಿನ್ ಎಲ್ಲಿ ಇಡಬೇಕ್ರೀ? ನಮ್ಮವ್ವ ಮಣ್ಣಿನ ಗಡಿಗ್ಯಾಗ ಇಡ್ತಾಳ, ಸುತ್ತ ಒದ್ದಿ ಮರಳು ಹಾಕಿ.

ಶುಗರ್_ಸುಬ್ಬಣ್ಣ
ನಿಮ್ಮವ್ವ ಮಾಡ್ತಿರೋದು ಸರಿ ಇದೆ. ಗಡಿಗೆ ಒಳಗಿನ ಸೆಖೆ ಎಷ್ಟೋ ಡಿಗ್ರಿ ಕಮ್ಮಿ ಆಗುತ್ತೆ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಒಂದ್ಸಲ ಗಟ್ಟಿಯಾದ್ರೆ ಬಿಸಾಕೋದೇ.

ಕಿವಿ_ಮೆಷಿನ್
ನಮ್ಮ ಮನೆಯಲ್ಲಿ ಶುಗರ್ ಬಂದವರಿಗೆಲ್ಲ ಕಿವಿಯೂ ಮಂದ. ಅಮ್ಮ, ನಾನು, ತಂಗಿ. ಮಾವಂದಿರಿಗೂ ಇದೆ, ಆದರೆ ಮಾವಂದಿರ ಮಕ್ಕಳಿಗೆ ಇಲ್ಲ. ಇದೂ ಮೋಡಿನಾ?

ಲ್ಯಾಬ್_ಕೋಟು
ಅಮ್ಮನಿಂದ ಮಾತ್ರ ಮಕ್ಕಳಿಗೆ ಇಳೀತಿದೆ, ಗಂಡಸರಿಂದ ಮುಂದಕ್ಕೆ ಹೋಗ್ತಿಲ್ಲ ಅಂದ್ರೆ ಮೈಟೊಕಾಂಡ್ರಿಯಾದ (ಕೋಶದೊಳಗೆ ಶಕ್ತಿ ಮಾಡೋ, ಅಮ್ಮನಿಂದ ಮಾತ್ರ ಬರೋ ಭಾಗ) ಡಿಎನ್‌ಎ ನೋಡಿಸಬೇಕು. 3243 ಅನ್ನೋ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಶುಗರ್ ಮತ್ತು ಕಿವುಡು ಜೊತೆಗೇ ಬರುತ್ತೆ. ಡಾಕ್ಟರಿಗೆ ನೀವು ಇಲ್ಲಿ ಬರೆದಿದ್ದನ್ನ ಹಾಗೇ ಹೇಳಿ, ಮೆಟ್ಫಾರ್ಮಿನ್ ತಗೊಳ್ತಿದ್ದರೆ ಅದನ್ನೂ ಹೇಳಿ, ಈ ಕಾಯಿಲೆಯಲ್ಲಿ ಅದನ್ನ ಸಾಮಾನ್ಯವಾಗಿ ಕೊಡಲ್ಲ.

ಅಂದ ಹಾಗೆ ಕ್ರಿಸ್ಪರ್‌ಗೆ ಇಲ್ಲಿ ಬಾಗಿಲೇ ಮುಚ್ಚಿದೆ. ಎಲ್ಲಿ ಕತ್ತರಿಸಬೇಕು ಅಂತ ಕತ್ತರಿಗೆ ದಾರಿ ತೋರಿಸೋ ಆರ್‌ಎನ್‌ಎಯನ್ನ ಮೈಟೊಕಾಂಡ್ರಿಯಾದ ಒಳಗೆ ಕಳಿಸೋದೇ ಕಷ್ಟ. 2020ರಲ್ಲಿ ಡೇವಿಡ್ ಲಿಯು ಮತ್ತು ಜೋಸೆಫ್ ಮೌಗಸ್ ತಂಡಗಳು ಆರ್‌ಎನ್‌ಎ ಬೇಡದ ಬೇರೆ ಸಾಧನ ಮಾಡಿದರು, ಒಂದು ಬ್ಯಾಕ್ಟೀರಿಯಾದ ವಿಷದಿಂದ. ಅದು ಇನ್ನೂ ಲ್ಯಾಬಿನ ಮೇಜಿನ ಮೇಲೇ ಇದೆ.

ಹಳೇ_ಸಂಪ್ರದಾಯ
ಇಷ್ಟೆಲ್ಲಾ ಯಾಕೆ, ಹೊಟ್ಟೆಯಲ್ಲಿರೋವಾಗಲೇ ಭ್ರೂಣದಲ್ಲಿ ತಿದ್ದಿಬಿಟ್ರೆ ವಂಶದಿಂದಲೇ ಹೋಗುತ್ತಲ್ವಾ?

ಕಾನೂನು_ಕಟ್ಟೆ
ಚೀನಾದ ವಿಜ್ಞಾನಿ ಹೆ ಜಿಯಾಂಕುಯಿ ಲ್ಯಾಬಿನಲ್ಲಿ ಭ್ರೂಣಗಳ ಜೀನ್ ತಿದ್ದಿ, 2018ರಲ್ಲಿ ಮಕ್ಕಳು ಹುಟ್ಟಿದ ಸುದ್ದಿ ಹೊರಬಂದ ಮೇಲೆ ಮೂರು ವರ್ಷದ ಶಿಕ್ಷೆಯಾಗಿ ಜೈಲಿಗೆ ಹೋದರು. ನಮ್ಮಲ್ಲೂ ಮುಂದಿನ ಪೀಳಿಗೆಗೆ ಇಳಿಯೋ ಥರ ತಿದ್ದೋದಕ್ಕೆ ಅನುಮತಿ ಇಲ್ಲ, ಐಸಿಎಂಆರ್‌ನ 2019ರ ಮಾರ್ಗಸೂಚಿ ಇದೆ. ಐವಿಎಫ್ ಮಾಡಿಸಿ ಭ್ರೂಣ ಪರೀಕ್ಷೆ ಮಾಡಿ, ತಪ್ಪಿಲ್ಲದ ಭ್ರೂಣ ಆರಿಸೋದು ಬೇರೆ. ನೋಂದಾಯಿತ ಕೇಂದ್ರದಲ್ಲಿ ಆನುವಂಶಿಕ ಕಾಯಿಲೆಗೆ ಅದಕ್ಕೆ ಅವಕಾಶ ಇದೆ, ಗಂಡು ಹೆಣ್ಣು ನೋಡೋದಕ್ಕೆ ಮಾತ್ರ ಇಲ್ಲ.

ಎರಡನೇ_ಇನಿಂಗ್ಸ್
ನಾವು ಮಗು ಬೇಕು ಅಂದ್ಕೊಂಡಾಗ ಇದರ ಮಾತು ಬಂದಿತ್ತು. ಕೂತು ಯೋಚಿಸಿದೆವು. ನನಗಿರೋದು ಒಂದು ಮಾತ್ರೆಯ ಕಾಯಿಲೆ. ಇದಿರೋ ಭ್ರೂಣ ಬೇಡ ಅಂದ್ರೆ ನಮ್ಮಪ್ಪ ನನ್ನನ್ನೇ ಬೇಡ ಅಂದ ಹಾಗೆ ಅನ್ನಿಸ್ತು. ಸುಮ್ಮನಾದೆವು. ಇದು ನಮ್ಮ ಮನೆಯ ತೀರ್ಮಾನ, ನೀಲಿ ಕನ್ನಡಕ ಮೇಡಂ ಮನೆಗೆ ಇದೇ ಅಳತೆ ಇಡಕ್ಕಾಗಲ್ಲ.

ಚಾಮರಾಜನಗರ_ನರ್ಸ್
ಬೆಲೆ ಬಗ್ಗೆ ಒಂದು ಮಾತು. ನಮ್ಮ ಕಡೆ ಸೋಲಿಗರ ಪೋಡುಗಳಲ್ಲಿ ಸಿಕಲ್ ಸೆಲ್ ಇದೆ, ನಾನು ಅಲ್ಲಿ ರಕ್ತ ಪರೀಕ್ಷೆಗೆ ಹೋಗ್ತೀನಿ. 18 ಕೋಟಿ ಅಂದ್ರೆ ನಮಗೆ ನಗು ಬರುತ್ತೆ. ದೆಹಲಿಯ ಸರ್ಕಾರಿ ಸಂಶೋಧನಾ ಸಂಸ್ಥೆ ಐಜಿಐಬಿಯವರು ನಮ್ಮದೇ ಕ್ರಿಸ್ಪರ್ ಔಷಧಿ ತಯಾರಿಸಿ ಬಿರ್ಸಾ ಮುಂಡಾ ಅವರ ಹೆಸರಿಟ್ಟಿದ್ದಾರೆ, 2025ರ ನವೆಂಬರಿನಲ್ಲಿ ಘೋಷಣೆ ಆಯ್ತು. ಕಡಿಮೆ ಖರ್ಚಿಗೆ ಕೊಡಬೇಕು ಅನ್ನೋದೇ ಗುರಿಯಂತೆ. ಪೋಡಿಗೆ ಬಂದ ದಿನ ನಂಬ್ತೀನಿ. ಆದರೆ ಅಲ್ಲಿ ಕಲಿತಿದ್ದು ನಾಳೆ ಶುಗರ್‌ಗೂ ಬರಬಹುದಲ್ವಾ ಮೇಷ್ಟ್ರೇ?

ಗಣಿತ_ಮೇಷ್ಟ್ರು
ಬರಲಿ ಬರಲಿ. ಫ್ರಿಜ್ಜೂ ಬರಲಿ.

ಅಡಿಕೆ_ಚನ್ನಗಿರಿ
ಎರಡು ದಿನ ಆಯ್ತು, ಎಲ್ಲಾ ಓದಿದೆ. ಎಷ್ಟೋ ಅರ್ಥ ಆಗಲಿಲ್ಲ, ಬೇಕಾಗಿದ್ದು ಅರ್ಥ ಆಯ್ತು. ಮುಂಗಡ ಕೊಟ್ಟಿಲ್ಲ. ಭಾಮೈದ ಮುಖ ಊದಿಸಿಕೊಂಡಿದ್ದಾನೆ.

ನಿನ್ನೆ ರಾತ್ರಿ ಅಮ್ಮನ ಹತ್ತಿರ ಇದೆಲ್ಲಾ ಹೇಳ್ತಿದ್ದಾಗ ಅವರು ಅಟ್ಟದಿಂದ ಅಜ್ಜನ ತಗಡಿನ ಪೆಟ್ಟಿಗೆ ಇಳಿಸಿ ಅಂದರು. ಪಹಣಿ, ಮೂರು ಬೀಗದ ಕೈ, ಒಂದು ಕನ್ನಡಕ. ಅದರ ಅಡಿಯಲ್ಲಿ ಡಯೋನಿಲ್ ಅಂತ ಇರೋ ಖಾಲಿ ಸ್ಟ್ರಿಪ್ಪುಗಳು, ಅಜ್ಜ ಏನನ್ನೂ ಬಿಸಾಕ್ತಿರಲಿಲ್ಲ. ಅಮ್ಮ ಹೇಳಿದ್ದು: "ನಿಮ್ಮಜ್ಜ ಇಡೀ ಮಾತ್ರೆ ತಗೊಂಡ್ರೆ ಹನ್ನೊಂದು ಗಂಟೆಗೆ ತೋಟದಲ್ಲಿ ಕೈ ನಡುಗಿ ಕೂತುಬಿಡೋರು. ಅದಕ್ಕೇ ಅಡಕತ್ತರಿಯಲ್ಲಿ ಅರ್ಧ ಮಾಡ್ಕೊಂಡು ತಗೊಳ್ಳೋರು. ಜೇಬಲ್ಲಿ ಯಾವಾಗಲೂ ಒಂದು ಅಚ್ಚು ಬೆಲ್ಲ." ಅರ್ಧ ಮಾತ್ರೆಯಲ್ಲೇ 81ರವರೆಗೆ ಬದುಕಿದರು. ಇನ್ಸುಲಿನ್ ಅವರು ನೋಡಿದ್ದೇ ಇಲ್ಲ.

ಎರಡನೇ_ಇನಿಂಗ್ಸ್
ಮೈ ಜುಮ್ ಅಂತು ಓದಿ. ನನಗೂ ಮೊದಲ ವಾರ ಕಾಲು ಮಾತ್ರೆಗೇ ಶುಗರ್ ಲೋ ಆಗಿತ್ತು!!

ಲ್ಯಾಬ್_ಕೋಟು
ಡಯೋನಿಲ್ ಅಂದ್ರೆ ಗ್ಲೈಬೆನ್‌ಕ್ಲಮೈಡ್, ಮೇಲೆ ಹೇಳಿದ ಅದೇ ತೂಬಿನ ಮಾತ್ರೆ. ಎಚ್‌ಎನ್‌ಎಫ್1ಎ ಇರೋವರಿಗೆ ಈ ಜಾತಿಯ ಮಾತ್ರೆ ಚೂರೇ ಚೂರು ಸಾಕಾಗುತ್ತೆ, ಜಾಸ್ತಿ ಆದರೆ ನಡುಕ. ಅಡಕತ್ತರಿ ವಿಷಯ ಡಾಕ್ಟರಿಗೆ ಖಂಡಿತ ಹೇಳಿ. ಮಗಳಿಗೆ ಸಿ-ಪೆಪ್ಟೈಡ್, ಆಂಟಿಬಾಡಿ ಮೊದಲು. ಅವು ಮೋಡಿಗೆ ಹೊಂದಿದರೆ ಜೀನ್ ಪರೀಕ್ಷೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ಇದರಲ್ಲಿ ಬಹಳ ವರ್ಷದಿಂದ ಇದ್ದಾರೆ. 2018ರಲ್ಲಿ ಅವರು ಬೆಂಗಳೂರಿನ ಮೆಡ್‌ಜೀನೋಮ್ ಜೊತೆ ಸೇರಿ ದಕ್ಷಿಣ ಭಾರತದ ಮೋಡಿ ರೋಗಿಗಳ ಜೀನ್ ಓದಿದ್ದರು. ನಿಮ್ಮ ಡಾಕ್ಟರೇ ಬೆಂಗಳೂರಿಗೋ ಚೆನ್ನೈಗೋ ಸ್ಯಾಂಪಲ್ ಕಳಿಸಬಹುದು, ನೀವು ಹೋಗಬೇಕಿಲ್ಲ.

ಅಡಿಕೆ_ಚನ್ನಗಿರಿ
ಇವತ್ತು ದಾವಣಗೆರೆಗೆ ಹೋಗಿ ಬಂದೆವು. ಡಾಕ್ಟರು ಮೊದಲು ಸಿಡುಕಿದರು, ಇಂಟರ್ನೆಟ್ ಓದಿಕೊಂಡು ಬರ್ತೀರ ಅಂತ. ನಾನು ಒಂದೂ ಮಾತಾಡದೆ ಅಜ್ಜನ ಸ್ಟ್ರಿಪ್ಪು ಮೇಜಿನ ಮೇಲಿಟ್ಟೆ. ಮನೆತನದ್ದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ಯಾರಿಗೆ ಎಷ್ಟನೇ ವಯಸ್ಸಿಗೆ ಅಂತ. ಅದನ್ನ ಬಹಳ ಹೊತ್ತು ನೋಡಿದರು. ಆಮೇಲೆ ಅವರೇ ಪರೀಕ್ಷೆ ಬರೆದರು. ಆಂಟಿಬಾಡಿ, ಸಿ-ಪೆಪ್ಟೈಡ್ ವಾರದಲ್ಲಿ ಬರುತ್ತೆ, ಜೀನಿನದ್ದು ಆಮೇಲೆ ನೋಡೋಣ, ಅಲ್ಲಿವರೆಗೆ ಇನ್ಸುಲಿನ್ ಹಾಗೇ ಅಂದರು.

ವಾಪಸ್ ಬರೋವಾಗ ಬಸ್ಸಿನಲ್ಲಿ ಮಗಳು ಕೇಳಿದಳು, "ಅಪ್ಪ, ಹಾಗಾದ್ರೆ ನನಗೂ ಬೆಲ್ಲ ಇಟ್ಕೊಳ್ಳೋ ಜೇಬಿರೋ ಚೂಡಿದಾರ್ ಹೊಲಿಸ್ತೀರಾ?" ತಿಂಗಳಾದ ಮೇಲೆ ಮೊದಲನೇ ಸಲ ಅವಳು ತಮಾಷೆ ಮಾಡಿದ್ದು.

ನೀಲಿ_ಕನ್ನಡಕ
ಜೇಬು ಎರಡೂ ಕಡೆ ಹೊಲಿಸಿ. ರಿಪೋರ್ಟ್ ಬಂದಾಗ ಇಲ್ಲಿ ಹಾಕಿ ಅಣ್ಣ, ಕಾಯ್ತಿರ್ತೀನಿ.

ಆಯುರ್_ಆನಂದ
ಹಾಗಲಕಾಯಿ ರಸ, ಬೆಳಿಗ್ಗೆ ಖಾಲಿ ಹೊಟ್ಟೆಗೆ, 21 ದಿನ. ಯಾವ ಜೀನೂ ಬೇಡ.

ಶುಗರ್_ಸುಬ್ಬಣ್ಣ
ಮೇಲಿಂದ ಓದ್ಕೊಂಡು ಬನ್ನಿ ಸ್ವಾಮಿ.